ತೌಡಿನ ಡ್ರಮ್ಮಿಗೆ ಹಾಕಿಸಿದ ಪೌಡರ್

ಭಾಲ್ಕಿಯ ಹೊರವಲಯದ ಕಾಗದ ಕಾರ್ಖಾನೆಯಲ್ಲಿ ಹಾಳೆ ಬೆಳ್ಳಗಾಯಿತು. ಅದಕ್ಕಾಗಿ ಸುಟ್ಟದ್ದು ನನ್ನ ಮೌಶಿಯ, ಅಂದರೆ ತಾಯಿಯ ತಂಗಿಯ, ಶ್ವಾಸಕೋಶ. ಮಾಲೀಕರದ್ದಲ್ಲ, ಅಧಿಕಾರಿಗಳದ್ದೂ ಅಲ್ಲ.

ಕಬ್ಬಿನ ಸಿಪ್ಪೆಯ ತಿರುಳನ್ನು ಬ್ಲೀಚಿಂಗ್ ಪೌಡರಿನ ಹೊಂಡದಲ್ಲಿ ತಿರುವುವುದು ಅವಳ ಕೆಲಸ. ಗಂಟಲು ಉರಿದರೆ ಕಾರ್ಖಾನೆ ಕೊಡುತ್ತಿದ್ದ ರಕ್ಷಣೆ ಒಂದು ಉಂಡೆ ಬೆಲ್ಲ. ಮಾಸ್ಕ್ ಕೇಳಿದವರಿಗೆ ಇನ್ನೊಂದು ಉಂಡೆ.

ಬೀದರಿನ ಕಾಲೇಜು ಪ್ರಯೋಗಾಲಯದಲ್ಲಿ ನಾನು ಬೆಳೆಸಿದ ಬ್ಯಾಕ್ಟೀರಿಯಾವನ್ನು ಕಾರ್ಖಾನೆಯಲ್ಲಿ ಪರೀಕ್ಷಿಸಲು ಮಾಲೀಕರು ಒಪ್ಪಿದರು. ಗೋಧಿ ತೌಡಿನ ನೀರಿನಲ್ಲಿ ಬೆಳೆದು ಅವು ಬಿಡುವ ಕಿಣ್ವ ತಿರುಳಿನ ಕಂದು ಬಣ್ಣವನ್ನು ಸಡಿಲಿಸುತ್ತದೆ. ಆಮೇಲೆ ಪೌಡರ್ ಬಹಳ ಕಡಿಮೆ ಸಾಕು. ಅವು ಬೆಳೆಯುವ ತೌಡಿನ ಡ್ರಮ್ಮಿನ ಹೊಣೆ ಮೌಶಿಗೆ ಬಂತು. ಮೊಸರಿಗೆ ಹೆಪ್ಪು ಉಳಿಸುವಂತೆ ಅವಳು ದಿನವೂ ಅದರಿಂದ ಒಂದು ಕೊಡ ನೀರು ತೆಗೆದಿಡುತ್ತಿದ್ದಳು. ಚಳಿಗೆ ತನ್ನ ಕೌದಿಯನ್ನೇ ಡ್ರಮ್ಮಿಗೆ ಸುತ್ತಿದಳು. ಹೊಂಡ ಬಿಟ್ಟ ಮೇಲೆ ಕೆಮ್ಮು ಇಳಿಯಿತು.

ಸರ್ಕಾರಿ ತಪಾಸಣೆಯ ದಿನ ನಾನು ಆಫೀಸಿನಲ್ಲಿ ಅಧಿಕಾರಿಗಳಿಗೆ ಈ ವಿಧಾನದ ಹಿರಿಮೆ ವಿವರಿಸುತ್ತಿದ್ದೆ. ಹೊರಗೆ ನಡೆದದ್ದನ್ನು ಮೌಶಿ ಆಮೇಲೆ ಹೇಳಿದಳು.

"ಏ ಮುದುಕಿ, ಡ್ರಮ್ ನಾರ್ತದ. ಸಾಹೇಬ್ರು ಬರೂದ್ರಾಗ ಪೌಡರ್ ಸುರುವು," ಎಂದನಂತೆ ಸೂಪರ್‌ವೈಸರ್.

"ತೌಡಿನಾಗಿನ ಹುಳ ಸಾಯ್ತಾವರಿ."

"ಸಾಯಲಿ. ಹುಳಕ್ಕ ಇಷ್ಟು ಮರುಗ್ತಿ, ನೀ ಸತ್ರ ಅವೇ ಹೆಗಲು ಕೊಡ್ತಾವೇನ?"

ಸುತ್ತಲಿನವರು ನಕ್ಕರು. ಅವಳು ಸುರಿದಳು. ಹೆಪ್ಪಿನ ಕೊಡಕ್ಕೂ ಸುರಿಸಿದರು. ವಾಸನೆಯಿಲ್ಲದ ಡ್ರಮ್ಮನ್ನು ನೋಡಿ ಅಧಿಕಾರಿಗಳು 'ತೃಪ್ತಿಕರ' ಎಂದು ಬರೆದರು. ಡ್ರಮ್ಮಿನ ಮೇಲೆ ನಾನು ಅಂಟಿಸಿದ್ದ ಎಚ್ಚರಿಕೆ ಇಂಗ್ಲಿಷಿನಲ್ಲಿತ್ತು. ಆ ತಪ್ಪು ನನ್ನದು.

ಮರುದಿನ ತಿರುಳು ಕಂದಾಗಿಯೇ ಉಳಿಯಿತು. ಹೊಸ ಹೆಪ್ಪು ತರುತ್ತೇನೆಂದು ಬೇಡಿದೆ. ಮಾಲೀಕರು ನಕ್ಕರು: "ನಿಮ್ಮ ಹುಳ ಭಾಳ ನಾಜೂಕ್ ಅವರಿ ಮೇಡಂ. ನಮ್ಮ ಮಂದಿ ಗಟ್ಟಿ ಅದಾರ."

ಗಟ್ಟಿ ಮಂದಿಯಲ್ಲಿ ಒಬ್ಬಳಾಗಿ ಮೌಶಿ ಹೊಂಡಕ್ಕೆ ಮರಳಿದಳು. ಈಗ ಔರಾದಿನ ಮನೆಯಲ್ಲಿ, ಸೀರೆ ಉಡುವಷ್ಟರಲ್ಲಿ ಉಸಿರು ಸಾಲದೆ ಎರಡು ಸಲ ಕುಳಿತುಕೊಳ್ಳುತ್ತಾಳೆ. ಕಾರ್ಖಾನೆಯ ವೈದ್ಯರ ಚೀಟಿಯಲ್ಲಿ ಕಾರಣ: ಒಲೆಯ ಹೊಗೆ. ಅವಳ ಮನೆಯಲ್ಲಿ ಸೌದೆ ಒಲೆ ಇಲ್ಲ. ಆ ಒಂದು ಸುಳ್ಳಿನಿಂದ ಅವಳಿಗೆ ಕಾರ್ಖಾನೆಯ ಖರ್ಚಿನ ಚಿಕಿತ್ಸೆಯ ಹಕ್ಕೂ ತಪ್ಪಿತು.

ಮಾಲೀಕರೇ, ವೈದ್ಯರೇ, 'ತೃಪ್ತಿಕರ' ಎಂದವರೇ: ಆ ಚೀಟಿಯನ್ನು ರದ್ದುಪಡಿಸಿ. ಹೊಂಡದ ಪೌಡರಿನ ಕ್ಲೋರಿನ್ನಿನಿಂದ ಶ್ವಾಸಕೋಶ ಕೆಟ್ಟಿದೆ ಎಂದು ಸಹಿ ಹಾಕಿ ಬರೆದು, ಅವಳು ಬದುಕಿರುವಾಗಲೇ ಅವಳ ಕೈಗೆ ಕೊಡಿ.