ದಿನಕ್ಕೆ ಅರವತ್ತು: ಮೀಟರಕ್ಕನವರ ಮೂವತ್ತನಾಲ್ಕು ವರ್ಷ

ರಸ್ತೆ ಇಲಾಖೆಯ ವಾಹನ ಡಿಪೋಗಳಲ್ಲಿ ಎಂಜಿನ್ ಬಿಚ್ಚಿ ಕೂಡಿಸುವವರಿಗೆ ಹೆಸರಿದೆ, ಜಲ್ಲಿ ತುಂಬಿದ ಲಾರಿಯನ್ನು ಕಡಿದಾದ ಏರು ಹತ್ತಿಸುವವರಿಗೆ ಹೆಸರಿದೆ. ಅವರೆಲ್ಲ ಬರೆದುಕೊಟ್ಟ ಅಂಕಿಗಳನ್ನು ಓದಿ, ಇದು ನಿಜ, ಇದು ಸುಳ್ಳು ಎಂದು ಬೇರ್ಪಡಿಸುವವರನ್ನು ನೆನೆಯುವ ವಾಡಿಕೆ ಮಾತ್ರ ಕಡಿಮೆ. ಆ ಕೆಲಸವನ್ನು ಒಂದು ವಿದ್ಯೆಯ ಮಟ್ಟಕ್ಕೆ ಏರಿಸಿ, ಈ ತಿಂಗಳ ಕೊನೆಗೆ ನಿವೃತ್ತರಾಗುತ್ತಿರುವವರು, ಡಿಪೋದ ತುಂಬ ಮೀಟರಕ್ಕ ಎಂದೇ ಕರೆಸಿಕೊಂಡ ನಮ್ಮ ಹಿರಿಯರು. ಈ ಅಭಿನಂದನ ಗ್ರಂಥಕ್ಕೆ ಒಪ್ಪಿಗೆ ಕೇಳಲು ಹೋದಾಗ ಅವರು ಹಾಕಿದ ಷರತ್ತು ಒಂದೇ: "ಹದಿನೇಳನೇ ನಂಬರ್ ಲಾರಿ ವಿಷಯ ಬಿಟ್ಟು ಬರೆಯೋದಾದ್ರೆ ಪುಸ್ತಕವೇ ಬೇಡ." ಆದ್ದರಿಂದ ಹಾರ ಹಾಕುವ ಈ ಹೊತ್ತಿನಲ್ಲಿಯೂ ಅದನ್ನು ಬರೆಯಲೇಬೇಕಾಗಿದೆ.

ಅವರು ಹಸು ಕಟ್ಟಿದ ಮನೆಯಿಂದ ಬಂದವರು. ತಾಯಿ ಹಾಲು ಕರೆದರೆ ಮಗಳು ಅಳತೆ ಹಿಡಿಯಬೇಕಿತ್ತು. ಇಪ್ಪತ್ತಾರನೇ ವಯಸ್ಸಿನಲ್ಲಿ ಡಿಪೋದ ತಗಡಿನ ಸೂರಿನ ಕೆಳಗೆ, ಅಂಗಳಕ್ಕೆ ತೆರೆದ ಕಿಟಕಿಯ ಹಿಂದೆ, ಒಂದು ಕಾಲು ಗಿಡ್ಡವಾದ ಮರದ ಕುರ್ಚಿಯಲ್ಲಿ ಕುಳಿತರು. ಲಾರಿಗಳ ಕಿಲೋಮೀಟರು, ರೋಲರುಗಳ ಗಂಟೆ, ದಿನಕ್ಕೊಂದು ಚೀಟಿಯಂತೆ ಆ ಕಿಟಕಿಗೆ ಬರಬೇಕು. ಒಪ್ಪದ ಅಂಕಿಗೆ ಕೆಂಪು ಪೆನ್ಸಿಲಿನ ಸುತ್ತು ಬೀಳುತ್ತಿತ್ತು. "ರೋಲರು ನಿನ್ನೆ ಮೂವತ್ತೊಂದು ಗಂಟೆ ದುಡಿದಿದೆಯಲ್ಲಪ್ಪ, ಅದಕ್ಕೆ ಏನು ತಿನ್ನಿಸಿದೆ?" ಎಂದು ಅವರು ಕೇಳಿದರೆ ಕಿಟಕಿಯ ಮುಂದಿನ ಸಾಲೆಲ್ಲ ನಗುತ್ತಿತ್ತು, ಬರೆದವನೊಬ್ಬನನ್ನು ಬಿಟ್ಟು.

ಕಂಪ್ಯೂಟರು ಬಂದು, ಹಿಂದೆ ಸರಿದ ಅಂಕಿಯನ್ನೂ ಅತಿಯಾಗಿ ಜಿಗಿದ ಅಂಕಿಯನ್ನೂ ತಾನೇ ಹಿಡಿಯತೊಡಗಿದ ಮೇಲೂ ಅವರ ಕಣ್ಣಿಗೆ ಕೆಲಸ ಕಡಿಮೆಯಾಗಲಿಲ್ಲ. ಒಮ್ಮೆ ಒಂದು ಜೀಪಿನ ಮೀಟರು ಒಂದೇ ದಿನಕ್ಕೆ ಎಂಬತ್ತು ಸಾವಿರದಿಂದ ಹನ್ನೆರಡಕ್ಕೆ ಇಳಿದಾಗ, ಚಾಲಕನಿಗೆ ನೋಟಿಸು ತಯಾರಾಗಿತ್ತು. ಮೀಟರಕ್ಕ ಕೊಡೆ ಹಿಡಿದು ಅಂಗಳಕ್ಕೆ ನಡೆದರು. ಮುಖ ಕಾಣುವಷ್ಟು ಹೊಸ ಗಾಜು ಕಂಡರು. ಮೆಕ್ಯಾನಿಕ್ ಮೀಟರು ಬದಲಾಯಿಸಿ ತಿಳಿಸಲು ಮರೆತಿದ್ದ. ನೋಟಿಸು ಅಲ್ಲೇ ಹರಿಯಿತು.

ಹದಿನೇಳನೇ ಲಾರಿಯ ಹೊತ್ತಿಗೆ ಮಾತ್ರ ಅವರು ಅಂಗಳಕ್ಕೆ ನಡೆಯಲಿಲ್ಲ.

ಆ ಲಾರಿಯ ಚಾಲಕನನ್ನು ಎಲ್ಲರೂ ಎಡಚ ಎನ್ನುತ್ತಿದ್ದರು. ಎಡಗೈ ಬರವಣಿಗೆ, ಗಾಳಿಗೆ ಬಾಗಿದ ಪೈರಿನಂಥ ಅಕ್ಷರ. ಹದಿಮೂರು ವರ್ಷದ ಹಿಂದೆ ಒಂದು ದಿನ ಅವನು ಹಿಂದಿನ ದಿನದ ಅಂಕಿಯನ್ನೇ ಬರೆದು ತಂದ.

"ಏನಪ್ಪಾ, ಲಾರಿ ಮಲಗಿತ್ತಾ?"

"ಮೀಟ್ರು ನಿಂತೋಗಿದೆ ಅಕ್ಕ."

"ಹಾಗಂತ ಮೆಕ್ಯಾನಿಕ್ ಕೈಲಿ ಬರೆಸ್ಕೊಂಡು ಬಾ. ನಾನೇನು ನೋಡಿದೀನಾ?"

ಮೆಕ್ಯಾನಿಕ್ ಬೇರೆ ಗಾಡಿಯ ಕೆಳಗಿದ್ದ. ಅರ್ಧ ದಿನ ಹಾಳಾಯಿತು. ಮೇಲ್ವಿಚಾರಕರು ಎಲ್ಲರೆದುರು ಬೈದರು. ಮರುದಿನವೂ ಅದೇ ಅಂಕಿ, ಅದೇ ಕೆಂಪು ಸುತ್ತು, ಅದೇ ಬೈಗುಳ. ಮೂರನೆಯ ದಿನದ ಚೀಟಿಯಲ್ಲಿ ಅರವತ್ತು ಕಿಲೋಮೀಟರು ಹೆಚ್ಚಿತ್ತು. ಅಲ್ಲಿಂದ ದಿನಕ್ಕೆ ಅರವತ್ತು. ಕಂಪ್ಯೂಟರೂ ಒಪ್ಪಿತು, ಅವರೂ ಒಪ್ಪಿದರು.

ಲಾರಿ ನಿಜಕ್ಕೂ ದಿನಕ್ಕೆ ನೂರನಲವತ್ತು ಓಡುತ್ತಿತ್ತು. ಐದು ಸಾವಿರಕ್ಕೊಮ್ಮೆ ಬ್ರೇಕು ಬಿಚ್ಚಿ ನೋಡಬೇಕು; ಅರವತ್ತನೆಯ ದಿನ, ಕಾಗದದ ಮೇಲೆ ಮೂರು ಸಾವಿರದ ಆರುನೂರಾಗಿದ್ದಾಗ, ನೆಲದ ಮೇಲೆ ಎಂಟು ಸಾವಿರ ದಾಟಿತ್ತು. ಇಳಿಜಾರಿನಲ್ಲಿ ಬ್ರೇಕು ಹಿಡಿಯಲಿಲ್ಲ. ಕೆಳಗೆ ಕೆಲಸದವರಿದ್ದುದನ್ನು ಕಂಡು ಎಡಚ ಲಾರಿಯನ್ನು ಬಂಡೆಗೆ ತಿರುಗಿಸಿದ. ಅವರು ಉಳಿದರು, ಅವನ ಬಲಗಾಲು ಉಳಿಯಲಿಲ್ಲ.

ಮೀಟರಕ್ಕ ಅರವತ್ತು ಚೀಟಿಗಳನ್ನೂ ಮೇಜಿನ ಮೇಲೆ ಹರಡಿ, ಪಕ್ಕದಲ್ಲಿ ಡೀಸೆಲ್ ಚೀಟಿಗಳನ್ನಿಟ್ಟರು. ಡೀಸೆಲ್ ನೂರನಲವತ್ತರ ಲೆಕ್ಕಕ್ಕೆ ಖರ್ಚಾಗಿತ್ತು; ಸುಳ್ಳು ಅಷ್ಟು ಸಲೀಸಾಗಿ ಕಣ್ಣೆದುರೇ ಮಲಗಿತ್ತು. "ದಿನಾ ಒಂದೇ ಅಳತೆ ಹಾಲು ಕೊಡೋ ಹಸು ಎಲ್ಲಾದ್ರೂ ಇದೆಯಾ? ಹಾಲಿನ ಮನೇಲಿ ಹುಟ್ಟಿ ನನಗೆ ತಿಳೀಲಿಲ್ಲವಲ್ಲ," ಎಂದು ತಮ್ಮಷ್ಟಕ್ಕೆ ತಾವೇ ಅಂದುಕೊಂಡದ್ದನ್ನು ಪಕ್ಕದ ಮೇಜಿನವರು ಇಂದಿಗೂ ನೆನೆಯುತ್ತಾರೆ. ಆಸ್ಪತ್ರೆಗೆ ಹೋದರೆ ಎಡಚ ಗೋಡೆಯ ಕಡೆ ಮುಖ ತಿರುಗಿಸಿದ.

ವಿಚಾರಣೆಯಲ್ಲಿ ಸುಳ್ಳು ಬರೆದವನನ್ನು ಕೆಲಸದಿಂದ ತೆಗೆಯುವುದು ಹೆಚ್ಚುಕಡಿಮೆ ತೀರ್ಮಾನವಾಗಿತ್ತು. ಆಗ ಮೀಟರಕ್ಕ ಕೆಳಗಿನ ಡ್ರಾಯರಿನಲ್ಲಿ ಉಳಿದಿವೆಯೆಂದು ಬೇರೆ ಯಾರಿಗೂ ತಿಳಿಯದಿದ್ದ, ಆ ಮೊದಲ ಎರಡು ದಿನದ ಚೀಟಿ ತಂದು ಮುಂದಿಟ್ಟರು. ಎರಡರ ಮೇಲೂ ಅವರದೇ ಕೆಂಪು ಸುತ್ತು.

"ಸುಳ್ಳು ಬರೆದೋನು ಅವನು, ಸರಿ ಸಾರ್. ನಿಜ ಬರೆದಾಗ ಎರಡು ಸಲ ವಾಪಸ್ ಕಳಿಸಿದೋಳು ನಾನು."

"ಇದು ಫೈಲಿಗೆ ಹೋದ್ರೆ ನಿಮ್ಮ ಬಡ್ತಿ ಹೋಗುತ್ತಮ್ಮ," ಎಂದರು ವಿಚಾರಣೆ ನಡೆಸುತ್ತಿದ್ದ ಅಧಿಕಾರಿ.

"ಹೋಗಲಿ. ಅವನ ಕಾಲು ಹೋಗಿದೆ."

ಬಡ್ತಿ ಹೋಯಿತು. ಎಡಚನ ಕೆಲಸ ಉಳಿಯಿತು. ಅವನು ಗೇಟಿನ ಕಾವಲಿಗೆ ಬಂದ. ಅದೇ ವರ್ಷ ಚೀಟಿಯ ಮೂಲೆಯಲ್ಲಿ ಒಂದು ಖಾಲಿ ಚೌಕ ಬಂತು: 'ಮೀಟರು ನಿಂತಿದೆ, ಎಷ್ಟು ಓಡಿದೆ ಗೊತ್ತಿಲ್ಲ.' ಅದಕ್ಕೆ ಗೀಟು ಹಾಕಿದವನಿಗೆ ಬೈಗುಳವಿಲ್ಲ, ಸಾಲಿನಲ್ಲಿ ನಿಲ್ಲಬೇಕಾಗಿಲ್ಲ. ಮೀಟರಕ್ಕನೇ ಎದ್ದು ಗಾಡಿಯ ಬಳಿಗೆ ಹೋಗಿ ನೋಡುವುದು. ಮೊದಲ ತಿಂಗಳಲ್ಲೇ, ಕಾಗದದ ಮೇಲೆ ಚೆನ್ನಾಗಿ ಓಡುತ್ತಿದ್ದ ಒಂಬತ್ತು ಗಾಡಿಗಳ ಮೀಟರು ನಿಂತಿರುವುದು ಬೆಳಕಿಗೆ ಬಂತು. ಇಂದು ಆ ಚೌಕವಿಲ್ಲದ ಡಿಪೋ ನಮ್ಮ ಇಲಾಖೆಯಲ್ಲಿಲ್ಲ.

ಆದರೆ ಎಡಚ ಅವರನ್ನು ಮತ್ತೆ ಅಕ್ಕ ಎನ್ನಲಿಲ್ಲ. ಹನ್ನೊಂದು ವರ್ಷ, ದಿನಾ ಬೆಳಿಗ್ಗೆ, ಗೇಟು ತೆಗೆದು, "ನಮಸ್ಕಾರ ಮೇಡಂ" ಎಂದು ಬೇರೆ ಕಡೆ ನೋಡುತ್ತಿದ್ದ. ಅವರೂ ತಲೆಬಾಗಿಸಿ ಒಳಗೆ ಹೋಗುತ್ತಿದ್ದರು. ಎರಡು ವರ್ಷದ ಹಿಂದೆ ಅವನು ನಿವೃತ್ತನಾದಾಗಲೂ ಅಷ್ಟೇ.

ಈ ಗ್ರಂಥಕ್ಕೆ ನಾಲ್ಕು ಮಾತು ಬರೆದುಕೊಡಲು ಸಮಿತಿಯವರು ಅವನನ್ನೂ ಕೇಳಿದ್ದರು. ಬಂದದ್ದು ಡಿಪೋದ ಒಂದು ಹಳೆಯ ಚೀಟಿ. ಗಾಡಿ ನಂಬರು: ಹದಿನೇಳು. ಅಂಕಿಯ ಜಾಗ ಖಾಲಿ. ಮೂಲೆಯ ಚೌಕಕ್ಕೆ ಗೀಟು. ಕೆಳಗೆ ಬಾಗಿದ ಅಕ್ಷರದಲ್ಲಿ ಒಂದು ಸಾಲು: 'ಅಕ್ಕ ಬಂದು ನೋಡಲಿ.'

ಮೀಟರಕ್ಕ ಅದನ್ನು ಬಹಳ ಹೊತ್ತು ಓದಿ, ಮಡಿಸಿ ಚೀಲಕ್ಕೆ ಹಾಕಿಕೊಂಡು, ಅವನ ಮನೆಯ ಕಡೆಗೆ ಯಾವ ಬಸ್ಸು ಹೋಗುತ್ತದೆಂದು ಕೇಳಿದರು.

ಅವರ ಕಣ್ಣು ಮಂಜಾಗದಿರಲಿ, ಕಾಲಿಗೆ ಕಸುವಿರಲಿ. ಇನ್ನೂ ಬಹುಕಾಲ ನಮ್ಮ ಅಂಕಿಗಳನ್ನು ಅನುಮಾನಿಸುತ್ತ ನಮ್ಮ ನಡುವೆ ಇರಲಿ. ಆ ಬಸ್ಸು ಅವರಿಗಾಗಿ ನಿಲ್ಲಲಿ.