ರಾಯರು ‘ಬಂದಿದ್ದಾನೆ’

ವ್ಯಾಕರಣಕ್ಕೂ ನನಗೂ ಯಾವತ್ತೂ ವ್ಯವಹಾರ ಇರಲಿಲ್ಲ. ಕಲ್ಯಾಣದಲ್ಲಿ ಹೋಟೆಲಿನ ಪಾತ್ರೆ ಮಾರುವವನಿಗೆ ಇಡ್ಲಿ ತಟ್ಟೆಯ ತೂಕ ಗೊತ್ತಿದ್ದರೆ ಸಾಕು, ಕ್ರಿಯಾಪದದ ಬಾಲ ಯಾರಿಗೆ ಬೇಕು ಎಂದುಕೊಂಡಿದ್ದೆ. ಆ ಬಾಲವೇ ಮಗಳ ಸಂಬಂಧಕ್ಕೆ ಅಡ್ಡ ಮಲಗಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ.

ಠಾಕುರ್ಲಿಯ ನಮ್ಮ ಸೊಸೈಟಿಯ ಗೇಟಿಗೊಂದು ಆ್ಯಪ್ ಬಂದಿದೆ. ವಾಚ್‌ಮನ್ ಬಂದವರ ಹೆಸರು, ನಂಬರು ಒತ್ತುತ್ತಾನೆ. ನಾವು ಒಪ್ಪಿಗೆ ಒತ್ತಿದರೆ ನಮಗೂ ಅವರಿಗೂ ಮೆಸೇಜು ಹೋಗುತ್ತದೆ. ‘ಕನ್ನಡದಲ್ಲೂ ಲಭ್ಯ’ ಎಂದು ಕಂಡದ್ದೇ ಅಭಿಮಾನ ಉಕ್ಕಿ ಅದನ್ನೇ ಆರಿಸಿದೆ. ಸರಕನ್ನು ತಿರುಗಿಸಿ ನೋಡದೆ ತೆಗೆದುಕೊಂಡದ್ದು ನನ್ನ ಜನ್ಮದಲ್ಲೇ ಮೊದಲು.

ಆ ಭಾನುವಾರ ಸೀವುಡ್ಸ್‌ನಿಂದ ಶ್ರೀನಿವಾಸ ರಾಯರೂ ಅವರ ಪತ್ನಿ ಸುಲೋಚನಮ್ಮನೂ ನಮ್ಮ ಮನೆಗೆ ಬಂದರು. ಉಡುಪಿ ಕಡೆಯವರು, ಸ್ವಂತ ಹೋಟೆಲು. ಅವರ ಮಗನೂ ನನ್ನ ಮಗಳೂ ಒಪ್ಪಿಯಾಗಿತ್ತು. ರಾಯರು ಹೂಂ ಅನ್ನುವುದಷ್ಟೇ ಬಾಕಿ. ಅವರಿನ್ನೂ ಗೇಟಿನಲ್ಲಿದ್ದಾಗಲೇ ಅವರ ಫೋನಿಗೆ ಬಂತು: ‘ಶ್ರೀನಿವಾಸ ಬಂದಿದ್ದಾನೆ. ಅವನನ್ನು ಒಳಗೆ ಬಿಡಲು ಭಟ್ಟ ಒಪ್ಪಿದ್ದಾನೆ.’

ರಾಯರು ಸೋಫಾದ ತುದಿಯಲ್ಲಿ ಕುಳಿತರು. ಕಾಫಿ ಮುಟ್ಟಲಿಲ್ಲ.

“ಎಂತ ಭಟ್ರೆ, ನನ್ನನ್ನು ಒಳಗೆ ಬಿಡ್ಲಿಕ್ಕೆ ನೀವು ಒಪ್ಪಿದಿರಂತೆ. ದೊಡ್ಡ ಉಪಕಾರ ಆಯ್ತು,” ಎಂದು ಫೋನು ಚಾಚಿದರು. ಬಾಗಿಲ ಬಳಿ ನಿಂತಿದ್ದ ಮಗಳ ಮುಖ ಬಿಳಿಚಿತು.

ಅವರೆದುರೇ ಆ್ಯಪಿನವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಎತ್ತಿದವಳು ಡೊಂಬಿವಲಿಯಲ್ಲೇ ಹುಟ್ಟಿ ಬೆಳೆದ ಕನ್ನಡದ ಹುಡುಗಿ. ನನ್ನ ಕನ್ನಡದ ಬೈಗುಳವನ್ನೆಲ್ಲ ಅರ್ಥಮಾಡಿಕೊಂಡು ಹಿಂದಿಯಲ್ಲಿ ಹೇಳಿದಳು: “ಅಂಕಲ್, ನಾಮ್ ತೋ ಬರೋಬರ್ ಆಯಾ ನಾ?”

ಹೆಸರು ಸರಿಯಾಗಿ ಬಂತಂತೆ! ಪ್ರೋಗ್ರಾಮಿನಲ್ಲಿ ವಾಕ್ಯ ಮೊದಲೇ ಸಿದ್ಧವಾಗಿರುತ್ತದಂತೆ. ನಡುವೆ ಖಾಲಿ ಜಾಗ. ಯಾರು ಬಂದರೂ ಅವರ ಹೆಸರು ಅಲ್ಲಿ ಹೋಗಿ ಕೂರುತ್ತದೆ. ಇಂಗ್ಲಿಷಿನಲ್ಲಿ ಕೊರಿಯರ್‌ನವನಿಗೂ ಬೀಗರಿಗೂ ಒಂದೇ ಕ್ರಿಯಾಪದ ನಡೆಯುತ್ತದೆ, ನಡೆಯಲಿ. ನಮ್ಮ ಭಾಷೆ ಬಂದವರು ಗಂಡೋ ಹೆಣ್ಣೋ, ಕಿರಿಯರೋ ಹಿರಿಯರೋ ಎಂದು ವಿಚಾರಿಸಿಕೊಂಡೇ ವಾಕ್ಯ ಮುಗಿಸುತ್ತದೆ. ಎಲ್ಲ ಪಾತ್ರೆಗೂ ಒಂದೇ ಅಳತೆಯ ಮುಚ್ಚಳ ಕೊಟ್ಟು ‘ಮುಚ್ಚಳ ಇದೆಯಲ್ಲ’ ಅಂದರೆ ನನ್ನ ಗಿರಾಕಿ ಅದನ್ನು ನನ್ನ ತಲೆಗೇ ಎಸೆದಾನು!

ಪ್ರೋಗ್ರಾಂ ಬರೆಯುವ ಮಹನೀಯರಿಗೆ ಬಿಟ್ಟಿ ಸಲಹೆ ಕೊಡುತ್ತೇನೆ. ಹೆಸರಿಗೆ ಬಾಲ ಕಟ್ಟಬೇಡಿ. ‘ಬಂದವರು’ ಎಂದು ಬರೆದು, ಪಕ್ಕದಲ್ಲಿ ಎರಡು ಚುಕ್ಕೆ ಇಟ್ಟು, ಆಮೇಲೆ ಹೆಸರು ಹಾಕಿ; ಯಾರ ಮರ್ಯಾದೆಯೂ ಹೋಗದು. ಖಾಲಿ ಜಾಗಕ್ಕೆ ಮೊದಲು ನಿಮ್ಮ ಅತ್ತೆಯ ಹೆಸರು ತುಂಬಿ ಗಟ್ಟಿಯಾಗಿ ಓದಿ. ಅತ್ತೆಯ ಎದುರೇ ಓದುವ ಧೈರ್ಯವಿದ್ದರೆ ಮಾತ್ರ ಊರಿಗೆ ಬಿಡಿ.

“ಕಲ್ ದೇಖ್‌ತೀ ಹೂಂ,” ಎಂದು ನನ್ನ ದೂರನ್ನು ನಾಳೆಗೆ ತಳ್ಳಿ ಹುಡುಗಿ ಫೋನಿಟ್ಟಳು.

ಅಷ್ಟರಲ್ಲಿ ಸುಲೋಚನಮ್ಮ ಸೆರಗು ಬಾಯಿಗೊತ್ತಿಕೊಂಡು ನಗುತ್ತಿದ್ದರು. “ಇಷ್ಟು ವರ್ಷದಲ್ಲಿ ಇವರ ಹೆಸರು ಹಿಡಿದು ಕರೀಲಿಕ್ಕೆ ನನಗೇ ಧೈರ್ಯ ಬರ್ಲಿಲ್ಲ ಮಾರಾಯ್ರೆ. ಇನ್ನೊಮ್ಮೆ ಓದಿ, ಕೇಳುವ!”

ರಾಯರ ಮೀಸೆ ಅಲುಗಿತು. ಆರಿದ ಕಾಫಿಯನ್ನೇ ಕುಡಿದರು. ಆದರೆ ಹೊರಡುವಾಗ ಅಂದದ್ದು “ಹೇಳಿ ಕಳಿಸ್ತೇವೆ” ಎಂದಷ್ಟೇ. ಹುಡುಗಿಯ ಅಪ್ಪನ ಎದೆಗೆ ಆ ಎರಡು ಮಾತು ಎಷ್ಟು ಭಾರವೆಂದು ಬಲ್ಲವರೇ ಬಲ್ಲರು.

ಅವರ ಕಾರು ಗೇಟು ದಾಟಿತು. ನನ್ನ ಫೋನು ಕುಂಯ್ ಎಂದಿತು: ‘ಶ್ರೀನಿವಾಸ ಹೋದ.’

ನಾವು ‘ಹೋಗಿ ಬರುತ್ತೇವೆ’ ಅನ್ನುವ ಜನ. ಬರಿದೇ ‘ಹೋದ’ ಎನ್ನುವುದು ತಿರುಗಿ ಬಾರದವನಿಗೆ. ಇದು ಅವರಿಗೂ ಹೋಗಿರುತ್ತದೆ! ತಲೆಯ ಮೇಲೆ ಕೈಹೊತ್ತು ಕುಳಿತೆ. ಫೋನು ಬಡಿದುಕೊಂಡಿತು, ರಾಯರೇ.

“ಭಟ್ರೆ, ನಾನು ಹೋದೆನಂತೆ. ಮೆಸೇಜು ಬಂತು.”

ನಾನು ತೊದಲಿದೆ. ಆ ಕಡೆ ಸುಲೋಚನಮ್ಮನ ನಗು ತಡೆಯಿಲ್ಲದೆ ಕೇಳುತ್ತಿತ್ತು.

“ವೈಕುಂಠ ಸಮಾರಾಧನೆಗೆಲ್ಲ ಈಗಲೇ ಅವಸರ ಇಲ್ಲ. ಬರುವ ಭಾನುವಾರ ನಮ್ಮಲ್ಲಿಗೆ ಬನ್ನಿ, ನಿಶ್ಚಿತಾರ್ಥಕ್ಕೆ ಒಂದು ದಿನ ನೋಡುವ. ನಮ್ಮ ಗೇಟಿನಲ್ಲಿ ಆ್ಯಪ್ ಗೀಪ್ ಇಲ್ಲ. ನಾನೇ ನಿಂತಿರ್ತೇನೆ.”