ಜೋಹರಾ ಟೀಚರ್ ಬರೆದ ಚೀಜುಗಳು

ಇಳಕಲ್ಲಿನ ಜೋಹರಾ ಟೀಚರ್ ಸರಕಾರಿ ಶಾಲೆಯಲ್ಲಿ ಮೂವತ್ತೆರಡು ವರ್ಷ ಕಲಿಸಿ ನಿವೃತ್ತರಾದವರು. ಹರೆಯದಲ್ಲಿ ಇನ್ನೊಂದು ಕೆಲಸವನ್ನೂ ಹೊತ್ತಿದ್ದರು. ಹುನಗುಂದದಲ್ಲಿದ್ದ ದೊಡ್ಡ ಸಂಗೀತಗಾರ ಶಂಕರಲಿಂಗ ಬುವಾ ಅವರಿಗೆ ಮುಪ್ಪಿನಲ್ಲಿ ಕಣ್ಣು ಹೋದಾಗ, ಅವರು ಕಟ್ಟಿದ ಇನ್ನೂರು ಚೀಜುಗಳನ್ನು, ಅಂದರೆ ರಾಗಬದ್ಧ ಹಾಡುಗಳನ್ನು, ಕೇಳಿ ಕೇಳಿ ಸ್ವರಲಿಪಿಯಲ್ಲಿ ಬರೆದಿಟ್ಟವರು ಇವರೇ. ಶಾಲೆ ಬಿಟ್ಟ ಮೇಲೆ ಬಸ್ ಹಿಡಿದು ಹೋಗುವುದು, ಬರೆಯುವುದು, ಮರಳುವುದು. ಒಂಬತ್ತು ವರ್ಷ ಹೀಗೇ ನಡೆಯಿತು. ಬುವಾ ತೀರಿಕೊಂಡ ಮೇಲೆ ಅದೆಲ್ಲ ಪುಸ್ತಕವಾಯಿತು.

ಈ ವರ್ಷ ಬಾಗಲಕೋಟೆಯ ನವನಗರದಲ್ಲಿ ಬುವಾ ಹೆಸರಿನ ಕಲಾಸಂಕೀರ್ಣ ಎದ್ದಿತು. ಉದ್ಘಾಟನೆಗೆ ಟೀಚರಿಗೂ ಕರೆ ಬಂತು. ಮೊಣಕಾಲು ನೋವಿನಲ್ಲೇ ಬೆಳಿಗ್ಗೆ ಹೋಗಿ ಕುಳಿತರು. ಗಾಯಕಿ ರೋಹಿಣಿ ಹನ್ನೆರಡು ಹುಡುಗಿಯರ ಜೊತೆ ತಾಲೀಮು ನಡೆಸಿದ್ದಳು. ಬುವಾ ತಾವೇ ಕಲ್ಪಿಸಿದ ರಾಗದ ಚೀಜು. ಎರಡನೆಯ ಸಾಲಿನಲ್ಲಿ ಒಂದು ಸ್ವರ ತಪ್ಪಿದ್ದು ಟೀಚರ ಕಿವಿಗೆ ಬಿತ್ತು.

ತಾಲೀಮು ಮುಗಿದೊಡನೆ ವೇದಿಕೆಯ ಹತ್ತಿರ ಹೋದರು. “ರೋಹಿಣಿ, ಸ್ವರ ಇಳಿಯೂವಾಗ ಗಾಂಧಾರ ಕೋಮಲ ಐತಿ ನೋಡವಾ.”

“ಪುಸ್ತಕದಾಗ ಶುದ್ಧ ಐತಲ್ರಿ, ಟೀಚರ್.”

“ಅದನ್ನ ಬರದಾಕಿ ನಾನ. ಆಗ ನಮ್ಮಮ್ಮಗ ಜ್ವರ, ನನಗ ಮೂರು ದಿನ ನಿದ್ದಿ ಇದ್ದಿಲ್ಲ. ಕೋಮಲ ಅಂತ ತೋರಸಾಕ ಸ್ವರದ ಕೆಳಗ ಗೆರಿ ಎಳಿಯೂದು ಮರತೆ. ಬುವಾ ಅವರಿಗಂತೂ ಕಾಣ್ತಿದ್ದಿಲ್ಲ.”

“ಹಾಡ್ರಿ, ಕೇಳ್ತೇನಿ.”

ಟೀಚರ್ ಮೆಟ್ಟಿಲ ಮೇಲೆ ಕುಳಿತು ಒಡಕು ದನಿಯಲ್ಲಿ ಹಾಡಿದರು. ರೋಹಿಣಿ ಆ ಸಾಲನ್ನು ತಾನೂ ಮೆಲ್ಲಗೆ ಗುನುಗಿ ನೋಡಿದಳು.

“ಇದ ಖರೆ ಅನಸ್ತೈತ್ರಿ. ಆದ್ರ ಹುಡುಗ್ಯಾರು ಎರಡು ತಿಂಗಳಿಂದ ಹಂಗ ಕಲ್ತಾರ. ಇವತ್ತ ಹೆಂಗ ಬದಲಸ್ಲಿ?”

ಟೀಚರ್ ಒತ್ತಾಯ ಮಾಡಲಿಲ್ಲ. ಸಂಜೆ ಸಭಾಂಗಣ ತುಂಬಿತ್ತು. ಹಾಡು ಮುಗಿದ ಮೇಲೆ ವಿದ್ವಾಂಸರೊಬ್ಬರು ಆ ಶುದ್ಧ ಗಾಂಧಾರವನ್ನೇ ಹೊಗಳಿದರು. ಅಂಥದ್ದು ಬುವಾ ಒಬ್ಬರಿಗೇ ಹೊಳೆದೀತು ಎಂದರು. ಚಪ್ಪಾಳೆ ಬಿತ್ತು. ಟೀಚರ ಕೈ ಮೇಲೇಳಲಿಲ್ಲ. ಊಟಕ್ಕೂ ನಿಲ್ಲದೆ ಇಳಕಲ್ ಬಸ್ ಹತ್ತಿದರು.

ಎರಡು ವಾರ ಕಳೆದು ಒಂದು ರವಿವಾರ ರೋಹಿಣಿ ಪುಸ್ತಕ ಹಿಡಿದು ಮನೆಗೆ ಬಂದಳು. ಆ ಚೀಜನ್ನು ನಾಲ್ಕು ಸಲ ಹೇಳಿಸಿಕೊಂಡು, ಫೋನಿನಲ್ಲಿ ತುಂಬಿಕೊಂಡು, ಆಮೇಲೆ ಅಂಜುತ್ತ ಕೇಳಿದಳು:

“ಹಿಂಗ ಗೆರಿ ಬಿಟ್ಟಂಥಾವು ಇನ್ನೂ ಇರಬಹುದೇನ್ರಿ?”

“ಗೊತ್ತಿಲ್ಲವಾ. ಎಲ್ಲಾ ನೋಡಬೇಕು.”

ಟೀಚರ್ ಚಷ್ಮಾ ಒರೆಸಿಕೊಂಡು ಮೊದಲ ಪುಟ ತೆರೆದು ಹಾಡತೊಡಗಿದರು. ಆರನೆಯ ಚೀಜು ಮುಗಿಯುವಷ್ಟರಲ್ಲಿ ಹಾಡಿ ಹಾಡಿ ಅವರ ದನಿ ಪೂರ್ತಿ ಕಟ್ಟಿತ್ತು; ಇನ್ನೂ ನೂರಾ ತೊಂಬತ್ತನಾಲ್ಕು ಉಳಿದಿದ್ದವು.